ಹಾಮಾನನ ಹತ್ತು ಮಕ್ಕಳಿಗೆ ಒಂದೇ ಉಸಿರು

ಎಸ್ತೇರ್ ರಾಣಿಯ ಕಥೆಯ ಸುರುಳಿಯಲ್ಲಿ ಒಂದು ಕಡೆ ಓದುವವನ ಪ್ರಾಣ ಬಾಯಿಗೆ ಬರುತ್ತದೆ. ಯೆಹೂದ್ಯರನ್ನು ನಿರ್ನಾಮ ಮಾಡಹೊರಟು ಆ ರಾಣಿಯಿಂದಲೇ ಕೆಟ್ಟ ಪರ್ಷಿಯಾದ ಮಂತ್ರಿ ಹಾಮಾನನಿಗೆ ಹತ್ತು ಗಂಡುಮಕ್ಕಳು. ಹತ್ತೂ ಜನ ಒಟ್ಟಿಗೇ ಸತ್ತರು. ಅದಕ್ಕೇ ಅವರ ಹೆಸರುಗಳನ್ನು ಒಂದೇ ಉಸಿರಿಗೆ ಓದಬೇಕು. ಪರ್ಷಂದಾತಾ, ದಲ್ಫೋನ್, ಅಸ್ಪಾತಾ ಅಂತ ಶುರುವಾದರೆ ವೈಜಾತಾ ಅನ್ನುವವರೆಗೂ ನಿಲ್ಲುವಂತಿಲ್ಲ. ಎಂಥ ಹೆಸರುಗಳಪ್ಪಾ ಅವು! ಹೆತ್ತವಳು ಊಟಕ್ಕೆ ಹೇಗೆ ಕೂಗಿ ಕರೆಯುತ್ತಿದ್ದಳೋ ದೇವರಿಗೇ ಗೊತ್ತು.

ಪರ್ಷಿಯಾದ ಹಮದಾನ್ ಊರಿನ ಯೆಹೂದ್ಯರ ಗುರು ಮುಲ್ಲಾ ಹಿಜ್ಕಿಯಾ ಮದುವೆಯಾದ ವರ್ಷದಿಂದ ಪ್ರತಿ ಪೂರಿಮ್ ಹಬ್ಬಕ್ಕೂ ಈ ಸುರುಳಿ ಓದುತ್ತ ಬಂದವರು. ಈ ಚಳಿಗಾಲ ಎದೆಯಲ್ಲಿ ಕಫ ಕಟ್ಟಿ ಹಾಸಿಗೆ ಹಿಡಿದರು. ಎದ್ದರೇನೋ ಎದ್ದರು, ಉಸಿರು ಮಾತ್ರ ಮೊದಲಿನಂತೆ ಬರಲಿಲ್ಲ.

ಹಬ್ಬದ ಸಂಜೆಗೆ ಮುಂಚೆ, ಉಪವಾಸದ ಹೊಟ್ಟೆಯಲ್ಲೇ, ಕೆಳಗೆ ಕೆಂಡವಿಟ್ಟ ಗಿಡ್ಡ ಮೇಜಿನ ಮೇಲೆ ಹೊದಿಸಿದ ರಜಾಯಿಯೊಳಗೆ ಕಾಲು ತೂರಿಸಿಕೊಂಡು ಹೆಂಡತಿ ಗೊಹರ್‌ಳ ಮುಂದೆ ಅಭ್ಯಾಸ ಮಾಡಿದರು. ಆರನೆಯ ಹೆಸರಿಗೆ ಕೆಮ್ಮು ಬಂತು.

"ನಾಲ್ಕು ಜನ ಬದುಕ್ಕೊಂಡ್ರಲ್ರೀ!" ಅಂದಳು ಗೊಹರ್.

"ನಗ್ತೀಯೇನೇ?"

"ಇನ್ನೇನು ಅಳ್ಲಾ? ಈ ಸಲ ಯೆದಿದ್ಯಾ ಓದ್ಲಿ ಬಿಡಿ."

ಯೆದಿದ್ಯಾ ಅಳಿಯ, ಶಾಲೆಯ ಮೇಷ್ಟ್ರು. ಅವನೂ ಅಲ್ಲೇ ರಜಾಯಿಯ ಇನ್ನೊಂದು ತುದಿಯಲ್ಲಿ ಕೂತಿದ್ದ. ಮಾತು ಬೇರೆ ಕಡೆ ತಿರುಗಿಸೋಣ ಅಂತ, "ಮಾವ, ಗ್ರೀಕರು ಬರೆದಿರೋದ್ರಲ್ಲಿ ಹಾಮಾನನ ದೊರೆಯ ರಾಣಿ ಹೆಸರು ಎಸ್ತೇರ್ ಅಲ್ವೇ ಅಲ್ಲ, ಗೊತ್ತಾ?" ಅಂದ.

"ಆ ಗ್ರೀಕನೇನು ಅಂತಃಪುರದ ಅಡುಗೆಮನೇಲಿ ಕೂತಿದ್ನಾ?" ಗೊಹರ್ ರೇಗಿದಳು. "ತಾನು ಯೆಹೂದ್ಯಳು ಅಂತ ಕಟ್ಕೊಂಡ ಗಂಡನಿಗೇ ಹೇಳ್ದೆ ಇದ್ದೋಳು, ಇವನಿಗೆ ಹೇಳ್ತಾಳಾ?"

ಹಿಜ್ಕಿಯಾ ನಕ್ಕರು. "ಬಾಬಿಲೋನಿನೋರು ನಮ್ಮೋರ್ನ ಜೆರುಸಲೇಮಿನಿಂದ ಸೆರೆ ಹಿಡ್ಕೊಂಡು ಬಂದದ್ದು ನಿಜ. ಆಮೇಲೆ ಪರ್ಷಿಯಾದ ದೊರೆ ಊರಿಗೆ ಹೋಗಿ ಅಂದ್ರೂ ಬಾಳಾ ಜನ ಈ ಕಡೇನೇ ಉಳ್ಕೊಂಡದ್ದೂ ನಿಜ. ಪರದೇಶದಲ್ಲಿ ಉಳ್ಕೊಂಡೋರಿಗೆ, ಯಾವನೋ ಒಬ್ಬ ಚೀಟಿ ಎತ್ತಿ ನಮ್ಮನ್ನ ಕೊಲ್ಲೋ ದಿನ ಗೊತ್ತು ಮಾಡ್ತಾನೆ ಅನ್ನೋ ಭಯ ಇತ್ತಲ್ಲ, ಅದು ಸುಳ್ಳಾ? ಆ ಚೀಟಿಗೇ ಪೂರ್ ಅಂದ್ರು, ಅದರಿಂದ ಹಬ್ಬಕ್ಕೆ ಹೆಸರು ಬಂತು. ರಾಣಿಯ ಹೆಸರು ಏನಿದ್ರೇನಪ್ಪಾ."

ಅಳಿಯ ಎದ್ದು ಹೋದ ಮೇಲೆ ಅವರ ದನಿ ತಗ್ಗಿತು. "ಓದೋದು ಬಿಟ್ರೆ ನಾನ್ಯಾರೇ ಗೊಹರ್? ಕೆಮ್ಮೋ ಮುದುಕ, ಅಷ್ಟೇ."

ಗೊಹರ್ ರಜಾಯಿಯನ್ನು ಅವರ ಎದೆಯವರೆಗೆ ಎಳೆದು ಹೊದಿಸಿದಳು.

ಆ ಸುರುಳಿ ಅವಳಿಗೂ ಬಾಯಿಪಾಠ. ಅಪ್ಪ ಜಗಲಿಯಲ್ಲಿ ಹುಡುಗರಿಗೆ ಹೇಳಿಕೊಡುವಾಗ ಒಳಗೆ ಹಿಟ್ಟು ನಾದುತ್ತ ಕಲಿತದ್ದು. ಎಲ್ಲಿ ಸುಮ್ಮನಿರಬೇಕು, ಎಲ್ಲಿ ಹಾಮಾನನ ಹೆಸರು ಬರುತ್ತದೆ, ಯಾವಾಗ ಅವನ ಹೆಸರು ಅಳಿಸಿಹೋಗುವಂತೆ ನೆಲ ಒದೆಯಬೇಕು ಅಂತ, ಸುರುಳಿಯ ಭಾಷೆ ಬಾರದ ಹೆಂಗಸರೆಲ್ಲ ಅವಳ ಕಾಲನ್ನೇ ನೋಡುತ್ತಿದ್ದರು. ಅದರ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು. ಇರಲಿ ಬಿಡಿ, ಬೇರೆ ಒಡವೆ ಏನಿತ್ತು ಅವಳಿಗೆ?

ಸಂಜೆ ಪ್ರಾರ್ಥನಾಮಂದಿರ ಕಿಕ್ಕಿರಿದಿತ್ತು. ಹಾಮಾನ ಅಂದಾಗಲೆಲ್ಲ ಧಡಧಡ ಅಂತ ನೆಲ ನಡುಗುತ್ತಿತ್ತು. ಗೊಹರ್ ಹೆಂಗಸರ ಪರದೆಯ ಹಿಂದೆ ಕೂತು ಗಂಡನ ಉಸಿರನ್ನೇ ಕೇಳುತ್ತಿದ್ದಳು. ಮಕ್ಕಳ ಹೆಸರು ಬಂತು. ಪೋರಾತಾ ಅನ್ನುವಾಗಲೇ ದನಿ ಸಣ್ಣದಾಯಿತು. ಅದಲ್ಯಾ ಅನ್ನುವಾಗ ನಡುಗಿತು. ಅಯ್ಯೋ, ಮುಗೀತು ಅಂದುಕೊಂಡಳು.

ಧಡ್ ಎಂದು ನೆಲಕ್ಕೆ ಒದ್ದಳು.

ಅಲ್ಲಿ ಹಾಮಾನನ ಹೆಸರೇ ಇಲ್ಲ. ಆದರೆ ಗೊಹರ್ ಒದ್ದಳಲ್ಲ ಅಂತ ಹೆಂಗಸರೆಲ್ಲ ಒದ್ದರು. ಹೆಂಗಸರು ಒದ್ದರಲ್ಲ ಅಂತ ಗಂಡಸರೂ ಒದ್ದರು. ಆ ಗದ್ದಲದಲ್ಲಿ ಓದುವವರು ನಿಲ್ಲಲೇಬೇಕಾಯಿತು. ನಿಂತರು, ಉಸಿರೆಳೆದುಕೊಂಡರು, ಉಳಿದ ಹೆಸರುಗಳನ್ನು ಮುಗಿಸಿದರು. ಉಸಿರು ಕಟ್ಟಿದ್ದು ಯಾರಿಗೂ ಗೊತ್ತಾಗಲಿಲ್ಲ.

ಓದು ಮುಗಿದದ್ದೇ ತಡ, ಬಟ್ಟೆ ವ್ಯಾಪಾರಿ ಖುದಾದಾದ್ ಶುರು ಮಾಡಿದ: "ಮುಲ್ಲಾ, ನಿಮ್ಮನೆಯೋರಿಗೆ ಹಾಮಾನ ಯಾರು, ಅವನ ಮಗ ಯಾರು ಅಂತ ಒಂಚೂರು ಹೇಳ್ಕೊಡಿ! ವಯಸ್ಸಾಯ್ತು ಪಾಪ, ಅರಳುಮರಳು!"

ಮಂದಿರವೆಲ್ಲ ನಕ್ಕಿತು. ಪಕ್ಕದವರೂ ಬಾಯಿಗೆ ಸೆರಗು ಇಟ್ಟುಕೊಂಡರು. ಗೊಹರ್‌ಗೆ ಮುಖ ಉರಿಯಿತು. ಉರಿದರೆ ಉರಿಯಲಿ, ಅವರ ಮಾನ ಉಳಿಯಿತಲ್ಲ ಅಂದುಕೊಂಡು ತುಟಿ ಕಚ್ಚಿ ಕೂತಳು.

ಹಿಜ್ಕಿಯಾ ನಗಲಿಲ್ಲ. ಸುರುಳಿಯ ಮೇಲೆ ಕೈಯಿಟ್ಟು, "ಖುದಾದಾದ್, ಸುಮ್ನಿರಯ್ಯಾ," ಅಂದರು. "ತಪ್ಪು ಅವಳದಲ್ಲ. ಉಸಿರು ಕಟ್ಟಿದ್ದು ನಂದು. ಅದನ್ನ ಮುಚ್ಚೋಕೆ ಅವಳು ಒದ್ದಳು. ನಾನು ಅವಳಪ್ಪನ ಹತ್ರ ಕಲಿಯೋವಾಗ ಒಳಗಿಂದ ನನ್ನ ತಪ್ಪು ತಿದ್ದಿದವಳು ಕಣಯ್ಯಾ ಅವಳು. ನಾಳೆ ಬೆಳಿಗ್ಗೆ ಮತ್ತೆ ಓದೋದಿದೆಯಲ್ಲ, ಅದು ಯೆದಿದ್ಯಾನದು. ಇನ್ಮೇಲೆ ಅವನದೇ."

ಸುರುಳಿ ಸುತ್ತಿಟ್ಟು ಮನೆಗೆ ಹೊರಟರು.

ದಾರಿಯುದ್ದಕ್ಕೂ ಹಿಮ ತುಳಿಯುತ್ತ ಗೊಹರ್ ಬೈದಳು. "ನನ್ ಮಾನ ಬೀದಿಗಿಟ್ಟು ನಿಮ್ದು ಉಳಿಸಿದ್ನಲ್ರೀ! ನೀವೇ ಎದ್ದು ಎಲ್ಲಾ ಒದರಿಬಿಟ್ರಲ್ಲ! ಬಾಯಿ ಮುಚ್ಕೊಂಡಿದ್ರೆ ನಿಮ್ ಗಂಟೇನು ಹೋಗ್ತಿತ್ತು?"

"ನಿನ್ನ ನೋಡಿ ನಕ್ರು ಕಣೇ," ಅಂದರು ಹಿಜ್ಕಿಯಾ. "ಅದನ್ನ ಕೇಳ್ಕೊಂಡು ನಾನು ದೊಡ್ಡಮನುಷ್ಯನ ಥರ ನಿಂತಿರ್ಬೇಕಿತ್ತಾ? ನನ್ನಿಂದಾಗ್ಲಿಲ್ಲ."

ಗೊಹರ್ ಬಯ್ಯುವುದನ್ನು ನಿಲ್ಲಿಸಿದಳು. ಅವರ ತೋಳು ಹಿಡಿದುಕೊಂಡಳು. ಮನೆ ಬಂದರೂ ಬಿಡಲಿಲ್ಲ.

ಬೆಳಿಗ್ಗೆ ಯೆದಿದ್ಯಾ ಓದಲು ನಿಂತ. ಹಿಜ್ಕಿಯಾ ಎಲ್ಲರಂತೆ ಬೆಂಚಿನ ಮೇಲೆ ಕೂತರು. ಅವರ ಮುಖ ಹೇಗಿದೆಯೋ ಅಂತ ಗೊಹರ್‌ಗೆ ಜೀವ ತಡೆಯಲಿಲ್ಲ. ಪರದೆಯ ಸಂದಿಯಿಂದ ಇಣುಕಿದಳು. ಮೊದಲ ಸಲ ಹಾಮಾನನ ಹೆಸರು ಬಂತು. ಎಲ್ಲರೂ ಒದ್ದು ಸುಮ್ಮನಾದರೂ ಒಂದು ಜೊತೆ ಕಾಲು ಮಾತ್ರ ನಿಲ್ಲಲೇ ಇಲ್ಲ. ಹಿಜ್ಕಿಯಾ ಎದ್ದು ನಿಂತು, ಎರಡೂ ಕೈಯಲ್ಲಿ ಮುಂದಿನ ಬೆಂಚು ಹಿಡಿದು, ಟೋಪಿ ವಾಲಿದರೂ ಲೆಕ್ಕಿಸದೆ ಧಡಧಡ ತುಳಿಯುತ್ತಿದ್ದರು. ಓದುವವನು ನೆಲ ಒದೆಯುವಂತಿಲ್ಲ. ಊರೆಲ್ಲ ತುಳಿಯುವಾಗ ಅವನು ಸುರುಳಿ ಹಿಡಿದು ಕಾಯುತ್ತ ನಿಲ್ಲಬೇಕು. ಮದುವೆಯಾದ ವರ್ಷದಿಂದ ಅವರು ಹಾಗೆ ನಿಂತೇ ಇದ್ದರು.

"ಗೊಹರ್, ಕೇಳಿಸ್ತೇನೇ?" ಅಂತ ಪರದೆಯ ಕಡೆ ತಿರುಗಿ ಕೂಗಿದರು.

"ಕೇಳಿಸ್ತು ಮಹರಾಯರೇ, ಕೇಳಿಸ್ತು! ಮೊಣಕಾಲು ಜೋಪಾನ!" ಅಂದಳು ಗೊಹರ್, ಕಣ್ಣೊರೆಸಿಕೊಳ್ಳುತ್ತ.