ಪಾಕಕ್ಕೆ ರೀಟೇಕ್ ಇಲ್ಲ

ಚಿಸೋಮೊ ಎಂಬ ಹೆಸರು ಮಂಡ್ಯ ಪಕ್ಕದ ಹೊಳಲು ಊರಿನವರ ಬಾಯಲ್ಲಿ ಎರಡೇ ದಿನಕ್ಕೆ ಸೋಮು ಆಯಿತು. ಆಫ್ರಿಕಾದ ಮಲಾವಿಯಿಂದ ಬೇಸಾಯ ಓದಲು ವಿ.ಸಿ. ಫಾರಂ ಕಾಲೇಜಿಗೆ ಬಂದವನು, ಓದು ಮುಗಿಯುವಷ್ಟರಲ್ಲಿ ಸಿನಿಮಾದ ಹುಚ್ಚು ಹತ್ತಿಸಿಕೊಂಡಿದ್ದ. ಆಳು ಆರಡಿ, ಅವಕಾಶಕ್ಕೇನೂ ಬರವಿರಲಿಲ್ಲ. ಆದರೆ ಎಂಥ ಅವಕಾಶ ಅಂತೀರಿ! ನಾಲ್ಕು ವರ್ಷದಲ್ಲಿ ಹನ್ನೊಂದು ಸಿನಿಮಾ, ಹನ್ನೊಂದರಲ್ಲೂ ನಾಯಕನ ಕೈಲಿ ಬೈಸಿಕೊಂಡು, ಒದೆ ತಿಂದು ಬೀಳುವ ಪಾರ್ಟು. ಅಚ್ಚ ಮಂಡ್ಯದ ಕನ್ನಡ ಕಲಿತವನಿಗೆ "ಅಯ್ಯೋ" ಅನ್ನುವುದಕ್ಕಿಂತ ಹೆಚ್ಚಿನ ಮಾತು ಯಾರೂ ಕೊಟ್ಟಿರಲಿಲ್ಲ.

ಸಾಕಾಯಿತು ಅವನಿಗೆ. ತಾನೇ ಒಂದು ಕಿರುಚಿತ್ರ ಬರೆದ. ದೂರದೇಶದವನೊಬ್ಬ ಆಲೆಮನೆಯಲ್ಲಿ ಬೆಲ್ಲ ಮಾಡುವುದನ್ನು ಕಲಿಯುವ ಕಥೆ. ಕಲಿಯುವವನು ತಾನೇ, ನಿರ್ದೇಶಕನೂ ತಾನೇ. ಕ್ಯಾಮೆರಾ ಹಿಡಿದವಳು ಜೊತೆಗೆ ಓದಿದ ದೀಪಿಕ. ಚಿತ್ರೀಕರಣದ ಕೊನೆಯ ದಿನ ಬಂತು, ಮಾರನೆಯ ದಿನವೇ ಚಿತ್ರೋತ್ಸವಕ್ಕೆ ಕಳಿಸಬೇಕು. ಉಳಿದದ್ದು ಪಾಕ ಇಳಿಸುವ ದೃಶ್ಯವೊಂದೇ. ಅದು ಸಿಗದಿದ್ದರೆ ಚಿತ್ರವೂ ಇಲ್ಲ, ಮತ್ತೆ ಒದೆ ತಿನ್ನುವ ಪಾರ್ಟೇ ಗತಿ. ಒಂದು ಕೊಪ್ಪರಿಗೆಯಲ್ಲಿ ಪಾಕ ಬರುವುದು ಒಂದೇ ಸಲ, ಅದಕ್ಕೆ ರೀಟೇಕ್ ಗೀಟೇಕ್ ಇಲ್ಲ.

ತೊಡಕಾಗಿದ್ದು ಹೊಳಲಿನ ಆಲೆಮನೆಯ ಯಜಮಾನ ಸಿದ್ದರಾಜು. ಯಜಮಾನನ ಪಾತ್ರಕ್ಕೆ ಅವನನ್ನೇ ಹಾಕಿಕೊಂಡಿದ್ದ ಸೋಮು. ಇಪ್ಪತ್ತು ವರ್ಷ ಊರ ನಾಟಕದಲ್ಲಿ ಭೀಮನಾಗಿ ಗದೆ ತಿರುಗಿಸಿದ ಆಸಾಮಿ, ಕ್ಯಾಮೆರಾ ಕಂಡರೆ ಸುಮ್ಮನಿದ್ದಾನೆಯೇ? ಬೆಳಗಿನ ಕೊಪ್ಪರಿಗೆಯಲ್ಲಿ ಪಾಕ ಬಂದಾಗ ಎದೆ ಸೆಟೆಸಿ, "ಎಲವೋ ಪರದೇಶಿಯೇ, ಇಳಿಸುವಂಥವನಾಗು!" ಎಂದು ಗುಡುಗಿದ. ಮಧ್ಯಾಹ್ನದ್ದರಲ್ಲಿ ರಾಗವನ್ನೇ ಎಳೆದ. ಎರಡು ಸಲವೂ ದೃಶ್ಯ ಹಾಳಾಯಿತು.

"ಅಣ್ಣೋ, ನಿನ್ ಕಾಲಿಗ್ ಬೀಳ್ತೀನಿ. ದಿನಾ ಎಂಗಿರ್ತೀಯೋ ಅಂಗೇ ಇರು, ಸಾಕು," ಎಂದ ಸೋಮು.

"ದಿನಾ ಇರಂಗೇ ಇರಕ್ಕೆ ಸಿನಿಮಾ ಯಾಕ್ಲಾ ಬೇಕು?" ಎಂದ ಸಿದ್ದರಾಜು.

ಒಲೆಗೆ ಕಬ್ಬಿನ ಸಿಪ್ಪೆ ತುರುಕುತ್ತಿದ್ದ ಅವನ ಹೆಂಡತಿ ಚಿಕ್ಕಬೋರಮ್ಮ ಕೂತಲ್ಲಿಂದಲೇ, "ಬುಡು ಸೋಮು, ಈವಯ್ಯ ಮನೇಲಿ ಉಪ್ಪು ಕೇಳಾದೂ ಇಂಗೇಯ," ಎಂದಳು.

ಸಂಜೆ ಕೊನೆಯ ಕೊಪ್ಪರಿಗೆ ಕುದಿಯತೊಡಗಿತು. ಗಾಣಕ್ಕೆ ಕೊಡಲು ಇನ್ನು ಒಂದು ಜಲ್ಲೆ ಕಬ್ಬೂ ಉಳಿದಿರಲಿಲ್ಲ. ಸೋಮು ಉದ್ದನೆಯ ಗೋರೆ ಹಿಡಿದು ಕದಡುತ್ತಿದ್ದ. ದೀಪಿಕ ಕ್ಯಾಮೆರಾ ಚಾಲೂ ಮಾಡಿದಳು. ಸಿದ್ದರಾಜು ಮೀಸೆ ತೀಡಿಕೊಂಡು ಬಂದು ನಿಂತ, ಕೆಮ್ಮಿ ಗಂಟಲು ಸರಿಮಾಡಿಕೊಂಡ. ಮುಗೀತು ನನ್ನ ಕಥೆ ಅಂದುಕೊಂಡ ಸೋಮು. ತಡೆಯಲಾರದೆ ಗೋರೆ ಬಿಟ್ಟು ತಿರುಗಿ, "ದೀಪಿಕಾ, ನಿಲ್ಸು! ಅಣ್ಣನ್ನ ಒಂಚೂರು ಆ ಕಡೆ..." ಎಂದ.

ಮಾತು ಮುಗಿಯಲಿಲ್ಲ. ಕೊಪ್ಪರಿಗೆಯ ಗುಳ್ಳೆ ದಪ್ಪಗೆ ಉಬ್ಬಿದ್ದು ಸಿದ್ದರಾಜುವಿನ ಕಣ್ಣಿಗೆ ಬಿತ್ತು. ಭೀಮ ಎಲ್ಲಿ ಓಡಿಹೋದನೋ!

"ಲೇ ಸೋಮಾ! ನಿನ್ ಕ್ಯಾಮ್ರಾ ಮನೆ ಆಳಾಗ! ಪಾಕ ಮೀರ್ತಾ ಅದೆ ಕಣ್ಲಾ, ಅಲ್ಲೇನ್ ನೋಡ್ತಿದ್ದೀಯ? ಇಡ್ಕೊ ಆ ಕಡೆ, ಇಡ್ಕೊಳ್ಲಾ ಬಡ್ಡೆತ್ತದೇ!"

ಸೋಮು ಓಡಿದ. ಇಬ್ಬರೂ ಎರಡು ಕಡೆ ಹಿಡಿದು ಕೊಪ್ಪರಿಗೆ ಬಗ್ಗಿಸಿದರು. ಹೊಂಬಣ್ಣದ ಪಾಕ ತೊಟ್ಟಿಗೆ ಇಳಿಯಿತು. ಸಿದ್ದರಾಜು ಬೈಯುತ್ತಲೇ ಅವನ ಕೈಮೇಲೆ ಕೈಯಿಟ್ಟು ಗೋರೆ ಎಳೆಸಿದ. ಬೈಯುತ್ತಲೇ ತನ್ನ ಹೆಗಲ ಟವೆಲಿನಿಂದ ಅವನ ಹಣೆಯ ಬೆವರು ಒರೆಸಿದ. ಒರೆಸಿದ್ದು ಅವನಿಗೇ ಗೊತ್ತಾಗಲಿಲ್ಲ. ಕೊನೆಯ ಅಚ್ಚು ತುಂಬುವ ತನಕ ಇಬ್ಬರಿಗೂ ಕ್ಯಾಮೆರಾ ನೆನಪಾಗಲಿಲ್ಲ.

ಆಮೇಲೆ ಸೋಮು ತಲೆಮೇಲೆ ಕೈಹೊತ್ತ. "ಅಯ್ಯೋ, ನಿಲ್ಸು ಅಂದ್ಬುಟ್ನಲ್ಲ ದೀಪಿಕಾ!"

"ನೀನು ಅಂದೆ. ನಾನೆಲ್ಲಿ ನಿಲ್ಲಿಸಿದೆ?" ದೀಪಿಕ ನಗುತ್ತಾ ತೆಗೆದದ್ದನ್ನು ತೋರಿಸಿದಳು.

ಎಲ್ಲರೂ ತಲೆಗೆ ತಲೆ ತಾಗಿಸಿ ನೋಡಿದರು. ಬೆವರು ಒರೆಸುವ ಜಾಗ ಬಂದಾಗ ಸೋಮುವಿನ ಕಣ್ಣು ತುಂಬಿಬಂತು. ಸಿದ್ದರಾಜು ಪೆಚ್ಚಾದ.

"ಯಾಕ್ಲಾ, ಬೈದಿದ್ದು ಜಾಸ್ತಿ ಆಯ್ತಾ?"

"ಇಲ್ಲ ಕಣಣ್ಣೋ. ಅನ್ನೊಂದು ಸಿನಿಮಾದಲ್ಲಿ ಬೈಸ್ಕೊಂಡಿವ್ನಿ. ಮನೆ ಮಗನ್ನ ಬೈದಂಗೆ ಬೈದೋನು ನೀನೊಬ್ನೇ. ಇದೇ ಕಣಣ್ಣ ನನ್ ಸಿನಿಮಾ."

ಸಿದ್ದರಾಜು ತೊಟ್ಟಿಯಂಚಿನಲ್ಲಿ ಅಂಟಿದ್ದ ಬಿಸಿಬೆಲ್ಲ ಕೆರೆದು, ಉಫ್ ಉಫ್ ಎಂದು ಊದಿ ಅವನ ಬಾಯಿಗಿಟ್ಟ. ಆಮೇಲೆ ಮೀಸೆ ಮುಟ್ಟಿ ನೋಡಿಕೊಂಡ.

"ಅದೆಲ್ಲಾ ಸರಿ. ನನ್ ಆಕ್ಟಿಂಗ್ ಯಾವಾಗ್ಲಾ ತೆಗಿಯಾದು?"

ಬಾಯಿ ತುಂಬ ಬೆಲ್ಲ, ಸೋಮುವಿಗೆ ಮಾತು ಹೊರಡಲಿಲ್ಲ. ದೀಪಿಕಳಿಗೆ ಸನ್ನೆ ಮಾಡಿದ. ಅವಳು ಮತ್ತೆ ಕ್ಯಾಮೆರಾ ಎತ್ತಿದಳು, ಭೀಮ ಎದೆ ಸೆಟೆಸಿದ.