ಒಳಗೆ ಬಿಟ್ಟ ಬಟ್ಟೆ

ಹನ್ನೊಂದು ವರ್ಷ ಕೋಟಿನ ಕಾರ್ಖಾನೆಯಲ್ಲಿ ದುಡಿದರೂ ಮಾಸ್ಟರು ಅಲ್ಲಿ ಒಂದೇ ಒಂದು ಪೂರ್ತಿ ಕೋಟು ಹೊಲಿದಿರಲಿಲ್ಲ. ಹೊರದೇಶದಿಂದ ಬಂದ ಅವರಂಥವರಿಗೆ ಅಲ್ಲಿ ಕೆಲಸ ಬೇಗ ಸಿಗುತ್ತಿತ್ತು, ಯಾಕೆಂದರೆ ಆ ದೇಶದ ಮಾತು ಬೇಕಿರಲಿಲ್ಲ. ಒಬ್ಬನಿಗೆ ಕಾಲರು, ಒಬ್ಬನಿಗೆ ಜೇಬು, ಮಾಸ್ಟರಿಗೆ ಎಡತೋಳು. ಪಕ್ಕದ ಬಲತೋಳಿನವನು ಬೇರೆ ಯಾವುದೋ ದೇಶದವನು. ಅಷ್ಟು ವರ್ಷ ಒಟ್ಟಿಗೆ ಕೂತರೂ ಇಬ್ಬರ ನಡುವೆ ಇದ್ದದ್ದು ನಗು ಮಾತ್ರ. "ಯಾರಾದ್ರೂ ಕೇಳಿದ್ರೆ, ನಮ್ಮೆಜಮಾನ್ರು ಎಡಗಡೆ ಟೈಲರು ಅಂತೀನಿ" ಎಂದು ಹೆಂಡತಿ ರೇಗಿಸುತ್ತಿದ್ದಳು. ಮಾಸ್ಟರೂ ನಗುತ್ತಿದ್ದರು. ಒಳಗೊಳಗೇ ಅದು ಚುಚ್ಚುತ್ತಿತ್ತು ಅನ್ನುವುದು ಬೇರೆ ಮಾತು.

ಕೊನೆಗೆ ಧೈರ್ಯ ಮಾಡಿ, ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಸ್ವಂತ ಅಂಗಡಿ ತೆರೆದರು. ಒಂದು ಪಕ್ಕ ಕ್ಷೌರದವನು, ಇನ್ನೊಂದು ಪಕ್ಕ ಫೋನ್ ರಿಪೇರಿಯವಳು. ಮೂವರೂ ಮೂರು ದಿಕ್ಕಿನಿಂದ ಬಂದವರು. ಮೊದಲ ವರ್ಷ ಬಂದದ್ದೆಲ್ಲ ಜಿಪ್ಪು ಕಿತ್ತ ಪ್ಯಾಂಟುಗಳೇ. ಮತ್ತೆ ಎಡತೋಳೇ ಗತಿ ಎಂದುಕೊಳ್ಳುವ ಹೊತ್ತಿಗೆ, ಟ್ಯಾಕ್ಸಿ ಓಡಿಸುವ ಭಾವಮೈದ ದೊಡ್ಡ ಹೋಟೆಲೊಂದರ ಆರ್ಡರು ಹಿಡಿದು ತಂದ. ನಲವತ್ತು ನೌಕರರಿಗೆ ನಲವತ್ತು ಕೋಟು. ಮೆಚ್ಚಿದರೆ ವರ್ಷ ವರ್ಷವೂ ಕೆಲಸ ಇವರಿಗೇ. ಬಟ್ಟೆ ಹೋಟೆಲಿನದು, ಅವರಿಗಾಗಿಯೇ ನೇಯಿಸಿದ ಕಡುಹಸಿರು. ನಲವತ್ತಕ್ಕೆ ಸರಿಯಾಗಿ ಅಳೆದು ಕಳಿಸಿದ್ದರು.

ಜೊತೆಗೆ ಬಂದ ಕಾಗದವನ್ನು ಭಾವಮೈದ ಓದಿ ಹೇಳಿದ. "ಭಾವ, ಹೊಲಿಗೆ ಒಳಗಡೆ ಅರ್ಧ ಬೆರಳಷ್ಟೇ ಬಟ್ಟೆ ಬಿಡಬೇಕಂತೆ."

"ಅರ್ಧ ಬೆರಳಾ? ಅದೇನು ಕೋಟು ಹೊಲಿಯೋದಾ, ಲಕೋಟೆ ಅಂಟಿಸೋದಾ?" ಮಾಸ್ಟರು ಮೂಗು ಮುರಿದರು. "ನಾಳೆ ಅವರಿಗೆ ಹೊಟ್ಟೆ ಬಂದ್ರೆ ಏನನ್ನ ಬಿಚ್ಚಿ ಕೊಡ್ಲಿ?"

ಊರಲ್ಲಿ ಟೈಲರಾಗಿದ್ದ ಅಪ್ಪ ಮಾಸ್ಟರಿಗೆ ಕಲಿಸಿದ್ದು ಎರಡು ಬೆರಳು. ತಮ್ಮ ಮದುವೆಗೆ ಹೊಲಿಸಿದ ಕೋಟನ್ನು ಮಗಳ ಮದುವೆಗೂ ಬಿಚ್ಚಿಸಿ, ಸಡಿಲ ಮಾಡಿಸಿ ಹಾಕಿಕೊಳ್ಳುವ ಗಿರಾಕಿಗಳೇ ಅಪ್ಪನ ಹೆಮ್ಮೆಯಾಗಿದ್ದರು. ಗುಂಡಿಗೆ ಕಾಜಾ ಹಾಕುತ್ತಿದ್ದ ಹೆಂಡತಿ, "ರೀ, ಅವರು ಹೇಳಿದ ಹಾಗೇ ಮಾಡ್ಬಾರ್ದಾ?" ಎಂದಳು. "ನೀನು ನಿನ್ನ ಗುಂಡಿ ನೋಡ್ಕೊ" ಎಂದರು.

ಮುಂದಿನ ಐದು ವಾರ ಅವರ ಕಾಲು ನೆಲದ ಮೇಲಿರಲಿಲ್ಲ. ಒಬ್ಬೊಬ್ಬನನ್ನೇ ನಿಲ್ಲಿಸಿ ಅಳತೆ ತೆಗೆದು, ಒಂದೊಂದೇ ಕೋಟು ಕತ್ತರಿಸಿ, ಮುಗಿಸಿ, ಆಮೇಲೆ ಇನ್ನೊಂದು. ರಾಶಿ ಹಾಕಿ ಕತ್ತರಿಸುವುದು ಕಾರ್ಖಾನೆಯವರ ಬುದ್ಧಿ ಎಂದು ಅವರ ಲೆಕ್ಕ. ಎರಡೂ ತೋಳನ್ನು ತಾವೇ ಕೂಡಿಸುವಾಗ ಕಣ್ಣು ತುಂಬಿ ಬರುತ್ತಿತ್ತು.

ಮೂವತ್ತೇಳನೆಯದು ಮುಗಿಸಿ ಬಟ್ಟೆ ಬಿಡಿಸಿದರೆ, ಉಳಿದದ್ದು ಒಂದು ತೋಳಿಗೂ ಸಾಲದಷ್ಟು. ಮೇಜಿನ ಕೆಳಗೆ ಹುಡುಕಿದರು, ಮಿಷನ್ನಿನ ಹಿಂದೆ ಹುಡುಕಿದರು. ಆಮೇಲೆ ತೂಗುಹಾಕಿದ್ದ ಕೋಟುಗಳ ಕಡೆ ನೋಡಿದರು. ಬಟ್ಟೆ ಎಲ್ಲಿ ಹೋಯಿತೆಂದು ಆಗ ಗೊತ್ತಾಯಿತು.

ಎರಡು ದಿನ ಕಾಲಿಗೆ ಚಕ್ರ ಕಟ್ಟಿಕೊಂಡು ಊರಿನ ಬಟ್ಟೆಯಂಗಡಿಗಳನ್ನೆಲ್ಲ ಸುತ್ತಿದರು. ಹಸಿರು ಎಲ್ಲೆಡೆಯೂ ಇತ್ತು, ಆ ಹಸಿರು ಮಾತ್ರ ಎಲ್ಲಿಯೂ ಇರಲಿಲ್ಲ.

ಆರ್ಡರು ಕೊಟ್ಟ ಹೋಟೆಲಿನ ಮೇಡಂ ಬಂದು ಎರಡು ಸಲ ಎಣಿಸಿದಳು. ತನ್ನ ಭಾಷೆಯಲ್ಲಿ ಏನೋ ಕೇಳಿದಳು. ಭಾವಮೈದ ತಲೆ ತಗ್ಗಿಸಿದ. "ಮಿಕ್ಕ ಬಟ್ಟೆ ಎಲ್ಲಿ ಅಂತಿದಾರೆ, ಭಾವ."

"ಎಲ್ಲೂ ಹೋಗಿಲ್ಲ ಅನ್ನು. ಇಲ್ಲೇ ಇದೆ."

ಮಾಸ್ಟರು ಒಂದು ಕೋಟಿನ ಒಳಗಿನ ಅಸ್ತರು ಬಿಚ್ಚಿ ತೋರಿಸಿದರು. ಇನ್ನೊಂದನ್ನು ಬಿಚ್ಚಿದರು. ಪಕ್ಕೆಯಲ್ಲಿ, ಬೆನ್ನಿನಲ್ಲಿ, ಭುಜದಲ್ಲಿ ಎರಡೆರಡು ಬೆರಳು. ಮೂರು ಕೋಟಿನ ಬಟ್ಟೆ ಎಲ್ಲರ ಕಣ್ಣೆದುರಿಗೇ ಇತ್ತು. ಎಲ್ಲವನ್ನೂ ಬಿಚ್ಚಿದರೂ ಸಿಗುವುದು ಲಾಡಿಯಂಥ ಪಟ್ಟಿಗಳು. ಒಂದು ಕಾಲರೂ ಹುಟ್ಟುವುದಿಲ್ಲ.

ಆಕೆ ಆ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಮೆಲ್ಲಗೆ ಏನೋ ಹೇಳಿದಳು.

"ಕೆಲಸ ಬಹಳ ಚೆನ್ನಾಗಿದೆಯಂತೆ" ಎಂದ ಭಾವಮೈದ. "ಆದ್ರೆ ಇಲ್ಲಿ ಯಾರೂ ಬಿಚ್ಚಿಸೋದಿಲ್ವಂತೆ. ಬಿಗಿಯಾದ್ರೆ ಬಿಸಾಕ್ತಾರಂತೆ. ಆ ಮೂರು ಜನ ಏನು ಹಾಕ್ಕೊಂಡು ಬಾಗಿಲಲ್ಲಿ ನಿಲ್ಲಬೇಕು ಅಂತ ಕೇಳ್ತಿದಾರೆ."

ಮಾಸ್ಟರು ಬಿಚ್ಚಿದ ಅಸ್ತರುಗಳನ್ನು ಮತ್ತೆ ಹೊಲಿಯಲು ಕೂತರು. ಆಕೆ ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಮೂವತ್ತೇಳು ಕೋಟು ಕಾರಿಗೆ ಹೋದವು, ಅವುಗಳ ಜೊತೆ ಮುಂದಿನ ವರ್ಷಗಳೂ ಹೋದವು.

ಅಂಗಡಿ ಮತ್ತೆರಡು ತಿಂಗಳು ಕುಂಟಿತು. ಬಾಗಿಲು ಹಾಕಿದ ದಿನ ಕ್ಷೌರದವನು ಬಂದು ಅವರ ಕೈ ಹಿಡಿದುಕೊಂಡು ನಿಂತ. ಕಾರ್ಖಾನೆಯಲ್ಲಿ ಹಳೆಯ ಕುರ್ಚಿಯೇ ಸಿಕ್ಕಿತು. ಮೂರನೆಯ ದಿನ ಮೇಲ್ವಿಚಾರಕ ಮುಂದಿಟ್ಟು ಹೋದ ಕಟ್ಟನ್ನು ಬಿಚ್ಚಿದರು. ಹೋಟೆಲಿನ ಅದೇ ಕಡುಹಸಿರು. ಎಣಿಸುವ ಅಗತ್ಯವೇ ಇರಲಿಲ್ಲ, ಆದರೂ ಎಣಿಸಿದರು. ಮೂರು ಎಡತೋಳು.

ಅಂಚಿಗೆ ಬಿಟ್ಟದ್ದು ಸರಿಯಾಗಿ ಅರ್ಧ ಬೆರಳು. ಮಾಸ್ಟರು ಅದರ ಮೇಲೆ ಹೆಬ್ಬೆರಳಿಟ್ಟು ನೋಡಿದರು. ಪಕ್ಕದಲ್ಲಿ ಮೂರು ಬಲತೋಳು ಹಿಡಿದಿದ್ದವನು ಎಂದಿನಂತೆ ಇವರ ಕಡೆ ನೋಡಿ ನಕ್ಕ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಮಾಸ್ಟರಿಗೆ ಅವನ ಹತ್ತಿರ ಹೇಳಿಕೊಳ್ಳುವುದು ಬೇಕಾದಷ್ಟಿತ್ತು, ಭಾಷೆಯಿರಲಿಲ್ಲ. ತಿರುಗಿ ನಕ್ಕು, ಸೂಜಿಗೆ ದಾರ ಏರಿಸಿದರು.