ಮೊದಲ ಹಲಗೆ

"ಕುರ್ಚಿ ಆಯ್ತು, ಈಗ ಕನ್ನಡಿ. ಬೇಗ ಮಹಡಿಗೆ ಒಯ್ಯಿರಿ!" ಟೀಚರ್ ಕೂಗುವಾಗ ನೀರು ಎದುರಂಗಡಿಯ ಮೆಟ್ಟಿಲು ಹತ್ತಿತ್ತು. ಕನ್ನಡಿಗಳೂ ಹೋದವು. ನೃತ್ಯಶಾಲೆಯಲ್ಲಿ ಉಳಿದದ್ದು ಮರದ ನೆಲ, ಬೆಂಚಿನ ಮೇಲೆ ಬಡಗಿಯ ಶವ, ಪಕ್ಕದಲ್ಲಿ ಅವನ ಹೆಂಡತಿ.

ನಿನ್ನೆ ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತವನು ಮತ್ತೆ ಎದ್ದಿರಲಿಲ್ಲ. ಬೆಳಿಗ್ಗೆ ಮನೆಗೆ ನೀರು ನುಗ್ಗಿದ್ದರಿಂದ ಇಲ್ಲಿಗೆ ತಂದಿದ್ದರು. ಕಿಟಕಿಯ ಹತ್ತಿರ ಬೆಳಕಿದೆ, ಅಲ್ಲಿರಲಿ ಎಂದವಳು ಅವಳೇ.

"ಅವಳಿಗೆ ಯಾರಾದ್ರೂ ಹೇಳ್ರೀ," ವಾರಕ್ಕೆ ಮೂರು ಸಂಜೆ ಇಲ್ಲಿ ಕುಣಿಯುವ ದರ್ಜಿ ಪಿಸುಗುಟ್ಟಿದ.

"ಏನಂತ? ನಿನ್ನ ಗಂಡ ಅಡ್ಡ ಮಲಗಿದಾನೆ ಅಂತಲಾ?" ಅವನ ಜೊತೆ ಕುಣಿಯುವ ಬಸ್ ಡ್ರೈವರ್ ಸಿಡುಕಿದಳು.

"ಬೆಂಚಿನ ಕೆಳಗಿರೋ ಒಂದನೇ ಹಲಗೆ ಏಳದೆ ನೆಲದ ಉಳಿದ ನಲವತ್ತೊಂದೂ ಏಳಲ್ಲ."

"ಹೋದ್ರೆ ಹೋಗ್ಲಿ ನೆಲ. ಅವನಿಗಿಂತ ಹೆಚ್ಚಾ?"

ಅವಳಿಗೆ ಕೇಳಿಸಿತು. ನಾನು ಬಂದು ಮುಖ ನೋಡೋವರೆಗೂ ಕದಲಿಸಬೇಡ ಎಂದು ಅತ್ತೆ ಫೋನಿನಲ್ಲಿ ಮಾತು ತೆಗೆದುಕೊಂಡಿದ್ದರು. ಅವರ ಬಸ್ಸು ಮುಳುಗಿದ ಸೇತುವೆಯ ಆಚೆ ನಿಂತಿತ್ತು. ಎತ್ತಿದರೆ ನೇರ ಬಾಗಿಲಲ್ಲಿರುವ ಶವದ ಗಾಡಿಗೇ, ಅಲ್ಲಿಂದ ಸ್ಮಶಾನಕ್ಕೆ. ನೆಲ ಬಿಚ್ಚಿದ ಮೇಲೆ ಇಲ್ಲಿ ಬರೀ ಗುಂಡಿ, ಮಹಡಿಗೆ ಒಯ್ಯೋಣವೆಂದರೆ ಬೆಂಚು ತಿರುಗದ ಇಕ್ಕಟ್ಟಾದ ಸುತ್ತು ಮೆಟ್ಟಿಲು.

*

ಮೊದಲೆಲ್ಲ ಈ ಬೀದಿಗೆ ಹತ್ತು ವರ್ಷಕ್ಕೊಮ್ಮೆ ನೀರು ಬರುತ್ತಿತ್ತು. ಈಗ ವರ್ಷಕ್ಕೆ ಎರಡು ಸಲ. ಹಳೆಯ ನೆಲ ಉಬ್ಬಿ ಒಡೆದಾಗ ಶಾಲೆ ಮುಚ್ಚುವ ಮಾತು ಬಂತು. ಅವನು ಎರಡು ತಿಂಗಳು ಕೂತು, ಬಿಚ್ಚಿ ಎತ್ತಿಡಬಹುದಾದ ನೆಲ ಮಾಡಿದ. ನಲವತ್ತೆರಡು ಹಲಗೆ, ಒಂದನ್ನೊಂದು ಕಚ್ಚಿಕೊಂಡು. ಬೀಗದ ಹಾಗೆ ಕಿಟಕಿಯ ಬಳಿಯ ಒಂದನೆಯದು; ಅದು ಎದ್ದರೇ ಉಳಿದವು. ಎತ್ತಲು ಕುಣಿಯುವವರೇ ಆಳುಗಳು. ಟೀಚರ್ ಎಣಿಸಿದಾಗ ನಾಲ್ಕಕ್ಕೆ ಎಲ್ಲರೂ ಒಟ್ಟಿಗೆ ಎತ್ತಬೇಕು. ಅವನು ಮಾತ್ರ ಪ್ರತಿ ಸಲವೂ ಮೂರಕ್ಕೇ ಎತ್ತುತ್ತಿದ್ದ.

"ಎತ್ತಿಬಿಟ್ಟ ನೋಡಿ, ಮುಕ್ಕಾಲು!" ದರ್ಜಿ ಇಟ್ಟ ಹೆಸರು ಉಳಿದುಕೊಂಡಿತು.

"ನಿಮ್ಮ ನಾಲ್ಕು ಬರೋವರೆಗೆ ನೀರು ಕಾಯುತ್ತಾ?" ಎಂದು ಅವನು ನಗುತ್ತಿದ್ದ. ಆ ನೆಲದ ಮೇಲೆ ಒಂದು ದಿನವೂ ಕುಣಿಯಲಿಲ್ಲ.

*

ಅವಳು ಫೋನ್ ಮಾಡಿದಳು.

"ಅತ್ತೆ, ಅವರನ್ನ ಎತ್ತಬೇಕು. ನೀರು ಬಂತು."

"ಎಲ್ಲಿ ಮಲಗಿಸಿದೀಯ?"

"ಒಂದನೇ ಹಲಗೆ ಮೇಲೆ."



"ಇದ್ದಿದ್ರೆ ಬೈತಿದ್ದ ನಿನ್ನ," ಅತ್ತೆಯ ದನಿ ಒಡೆಯಿತು. "ಎತ್ತಿಸು ತಾಯಿ. ನಾನು ನೋಡದೇ ಇರೋ ಮುಖವಾ ಅದು?"

ಅವಳು ಅವನ ಕಾಲಿನ ಮೇಲೆ ಹೊದಿಕೆ ಸರಿಮಾಡಿ ಎದ್ದು ನಿಂತಳು.

"ಎತ್ತಿ."

ಬೆಂಚಿನ ಎರಡೂ ಬದಿಗೆ ನಾಲ್ವರಂತೆ ಬಗ್ಗಿದರು. ಹೊಸ್ತಿಲ ಕೆಳಗಿನಿಂದ ನೀರಿನ ಎಳೆಯೊಂದು ಒಳಗೆ ಬಂತು.

"ನಾಲ್ಕಕ್ಕೆ," ಎಂದರು ಟೀಚರ್. "ಒಂದು. ಎರಡು. ಮೂರು..."

ಎಂಟೂ ಜನ ಎತ್ತಿಬಿಟ್ಟಿದ್ದರು. ನಾಲ್ಕು ಟೀಚರ್ ಬಾಯಲ್ಲೇ ಉಳಿಯಿತು.